ಅಸಾಕುಸಾದ ಬೆನ್ನುಗಳು

ಮೇ ತಿಂಗಳ ಮೂರನೇ ಭಾನುವಾರ. ಟೋಕಿಯೊದ ಅಸಾಕುಸಾ ಬೆಳ್ಳಂಬೆಳಗ್ಗೆಯೇ ಬೆವರುತ್ತಿದೆ. ಕಾಮಿನಾರಿಮೋನ್ ಹೆಬ್ಬಾಗಿಲಿನ ಬೃಹತ್ ಕೆಂಪು ಲಾಂದ್ರದಡಿ ನುಸುಳಿ, ನಾಕಾಮಿಸೆಯ ಅಂಗಡಿಸಾಲಿನಲ್ಲಿ ಜನ ನೂಕಿದತ್ತ ಸಾಗುತ್ತಿದ್ದೇವೆ. ಅಕ್ಕಿ ಬಿಲ್ಲೆಗಳ ಮೇಲೆ ಸೋಯಾ ಸಾಸ್ ಸುಡುವ ಘಮ, ಎಲ್ಲಿಂದಲೋ ಕೊಳಲು, ಡೋಲು. ಅಷ್ಟರಲ್ಲಿ "ಸೋಯ್ಯಾ! ಸೋಯ್ಯಾ!" ಎಂಬ ಅಬ್ಬರ. ಚಿನ್ನದ ಪಲ್ಲಕ್ಕಿಯೊಂದು ತಲೆಗಳ ಮೇಲೆ ಕುಣಿಯುತ್ತಾ ಬರುತ್ತಿದೆ. ಇದು ಸಾಂಜಾ ಮತ್ಸುರಿ. ಸುಮಿದಾ ನದಿಯಲ್ಲಿ ಬಲೆಗೆ ಸಿಕ್ಕಿತೆನ್ನುವ ಕನ್ನೊನ್ ಎಂಬ ಬೌದ್ಧ ದೇವತೆಯ ವಿಗ್ರಹದ ಕಥೆಯಲ್ಲಿ ಬರುವ ಇಬ್ಬರು ಬೆಸ್ತರು ಮತ್ತು ಊರ ಹಿರಿಯನೊಬ್ಬ ಇಲ್ಲಿ ದೇವರಾಗಿದ್ದಾರೆ. ಅವರದೇ ಜಾತ್ರೆ.

ನನ್ನ ಕಣ್ಣು ಮಾತ್ರ ಪಲ್ಲಕ್ಕಿಯಿಂದ ಜಾರಿ ಒಂದು ಬೆನ್ನಿನ ಮೇಲೆ ನೆಟ್ಟಿದೆ. ಬರೀ ಕಚ್ಚೆ ಉಟ್ಟ ಆ ಮನುಷ್ಯನ ಸೊಂಟದಿಂದ ಹೆಗಲವರೆಗೂ ಕಪ್ಪು ಮೀನೊಂದು ಮೇಲಕ್ಕೆ ಈಜುತ್ತಿದೆ. ಸುತ್ತ ಸುರುಳಿ ಅಲೆ, ನಡುವೆ ಮೇಪಲ್ ಎಲೆಗಳ ಕೆಂಪು. ಮೀನಿನ ಒಂದೊಂದು ಹುರುಪೆಗೂ ಬೇರೆಯದೇ ನೆರಳು. ಮಸಿ ಕಪ್ಪೇ, ಆದರೆ ಚರ್ಮದೊಳಗೆ ಇಳಿದ ಮೇಲೆ ನೀಲಿ ಮಿಂಚುತ್ತದೆ. ಆತ ತಿರುಗುತ್ತಾನೆ. ಎದೆಯ ನಟ್ಟನಡುವೆ ಕೊರಳಿಂದ ಹೊಟ್ಟೆವರೆಗೆ ಒಂದು ಪಟ್ಟಿ ಖಾಲಿ! ಅಂಗಿಯ ಮುಂಭಾಗ ತೆರೆದುಕೊಂಡರೂ ಹಚ್ಚೆ ಕಾಣಬಾರದೆಂಬ ಲೆಕ್ಕಾಚಾರವದು. ಮುಚ್ಚಿಡಲೆಂದೇ ಇಷ್ಟು ಸೊಗಸಾಗಿ ಬಿಡಿಸಿದ ಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಕಲೆಗೆ ರೆಕ್ಕೆ ಮೂಡಿದ್ದು ಎದೊ ಕಾಲದಲ್ಲಿ. 1827ರ ಸುಮಾರಿಗೆ ಕುನಿಯೋಶಿ ಎಂಬ ಚಿತ್ರಕಾರ 'ಸುಯಿಕೊದೆನ್' ಕಥೆಯ ವೀರರನ್ನು ಮೈತುಂಬ ಹಚ್ಚೆಯೊಂದಿಗೆ ಮುದ್ರಿಸಿದ. ಊರಿಗೆ ಊರೇ ಮರುಳಾಯಿತು. ಬೆಂಕಿ ನಂದಿಸುವವರು ನೀರಿನ ದೇವತೆಯಾದ ಡ್ರ್ಯಾಗನ್ನನ್ನು ಬೆನ್ನಿಗೆ ಹೊಯ್ಯಿಸಿಕೊಂಡರು. ಅದೇ ಕಾಲದಲ್ಲಿ ಕಳ್ಳರ ತೋಳಿಗೆ ಶಿಕ್ಷೆಯ ಗೆರೆಗಳು ಬೀಳುತ್ತಿದ್ದವು. ಹೆಮ್ಮೆ, ಅವಮಾನ ಎರಡೂ ಅಂದಿನಿಂದಲೇ ಒಂದೇ ಸೂಜಿಯ ಮೊನೆಯಲ್ಲಿವೆ. 1872ರಲ್ಲಿ ಮೇಜಿ ಸರ್ಕಾರ ಪಾಶ್ಚಾತ್ಯರ ಕಣ್ಣಿಗೆ ಅನಾಗರಿಕರಾಗಿ ಕಂಡೇವೆಂದು ಹಚ್ಚೆಯನ್ನು ನಿಷೇಧಿಸಿತು. 1881ರಲ್ಲಿ ಬಂದ ಇಂಗ್ಲೆಂಡಿನ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವನು, ತೋಳಿಗೆ ಡ್ರ್ಯಾಗನ್ ಹಾಕಿಸಿಕೊಂಡೇ ಹೋದ! ನಿಷೇಧ ತೆರವಾದದ್ದು 1948ರಲ್ಲಿ. ಆಮೇಲೆ ಯಾಕುಜಾ ಗೂಂಡಾಗಳ ಸಿನಿಮಾಗಳು ಬಂದು ಹೆದರಿಕೆಯನ್ನು ಗಟ್ಟಿ ಮಾಡಿದವು.

ಮಧ್ಯಾಹ್ನ ಹಿಂದಿನ ಗಲ್ಲಿಯ ಸೆಂತೊ, ಅಂದರೆ ಬಡಾವಣೆಯ ಸ್ನಾನಗೃಹಕ್ಕೆ ಹೊಕ್ಕೆವು. ಎಷ್ಟೋ ಬಿಸಿನೀರಿನ ಬುಗ್ಗೆಗಳಲ್ಲಿ, ಜಿಮ್‌ಗಳಲ್ಲಿ ಹಚ್ಚೆಯವರಿಗೆ ಪ್ರವೇಶವಿಲ್ಲ; ಇಲ್ಲಿ ಯಾರೂ ತಡೆಯುವುದಿಲ್ಲ. ಹಬೆಯ ನಡುವೆ ಮೈ ಉಜ್ಜಿಕೊಳ್ಳುತ್ತಿದ್ದ ವೃದ್ಧನ ಬೆನ್ನಿನಲ್ಲಿ ಪಿಯೋನಿ ಹೂಗಳು ಇನ್ನೂ ಅರಳಿವೆ. ಜೊತೆಗಿದ್ದ ಗೆಳೆಯನೇ ದುಭಾಷಿ. ಯಂತ್ರವಲ್ಲ, ಕೈಸೂಜಿ ಎಂದ ಅಜ್ಜ. ಕಡ್ಡಿಯ ತುದಿಗೆ ಕಟ್ಟಿದ ಸೂಜಿಗೊಂಚಲನ್ನು ಗುರು ಎಡಗೈ ಹೆಬ್ಬೆರಳಿಗೆ ಆನಿಸಿ ಚುಚ್ಚಿ ಎತ್ತುವಾಗ ಬರುತ್ತಿದ್ದ 'ಶಕ್, ಶಕ್' ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದ. ವಾರಕ್ಕೊಮ್ಮೆ ಹೋಗಿ ಕೂತರೂ ಬೆನ್ನು ಮುಗಿಯಲು ವರ್ಷಗಳೇ ಹಿಡಿದವಂತೆ.

ಹಚ್ಚೆ ಹಾಕಲು ವೈದ್ಯರ ಪರವಾನಗಿ ಬೇಕಿಲ್ಲವೆಂದು 2020ರಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ಒಪ್ಪಿದ್ದು ಅಜ್ಜನಿಗೆ ಗೊತ್ತು. "ಗುರುಗಳು ಕೇಳಿದ್ದರೆ ಕುಣಿಯುತ್ತಿದ್ದರು" ಎಂದ. ಆದರೂ ಮೊಮ್ಮಗಳ ಶಾಲೆಯ ಆಟೋಟದ ದಿನ, ಎಂಥ ಬಿಸಿಲಿರಲಿ, ಅವನದು ತುಂಬುತೋಳಿನ ಅಂಗಿಯೇ. ಮನೆಗೆ ಬಂದೊಡನೆ ಅವಳು ತೋಳು ಮಡಿಸಿ ಹೂವಿನ ಎಸಳು ಎಣಿಸುತ್ತಾಳಂತೆ.