ವಸ್ತಿ ಗಾಡಿ

ನಮ್ಮಪ್ಪ 30 ವರ್ಷ ಗಾಡಿಯಲ್ಲಿ ಮಲಗಿದ್ದಾನೆ. ದಿನಾ ಅಲ್ಲ, ಡ್ಯೂಟಿ ಬಿದ್ದಾಗ. ಆದರೆ ಡ್ಯೂಟಿ ಬಹಳ ಸಲ ಬೀಳುತ್ತಿತ್ತು.

ವಸ್ತಿ ಬಸ್ ಅಂದ್ರೆ ಏನು ಅಂತ ಬೆಂಗಳೂರಿನ ಗೆಳೆಯರಿಗೆ ಪ್ರತಿ ಸಲ ವಿವರಿಸಬೇಕಾಗುತ್ತೆ. ಸಂಜೆ ತಾಲೂಕಿನ ಊರಿಂದ ಹೊರಟು ಕೊನೇ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಕು ಹರಿಯೋ ಹೊತ್ತಿಗೆ ಹಾಲಿನ ಕ್ಯಾನು, ಕಾಲೇಜಿನ ಹುಡುಗರು, ಆಸ್ಪತ್ರೆಗೆ ಹೊರಟ ಮುದುಕರು ಎಲ್ಲರನ್ನೂ ತುಂಬಿಕೊಂಡು ವಾಪಸ್ ಬರುವ ಬಸ್ಸು. ಡ್ರೈವರ್ ಮತ್ತು ಕಂಡಕ್ಟರ್ ರಾತ್ರಿ ಅದರಲ್ಲೇ. ಬೇಸಿಗೆಯಲ್ಲಿ ಟಾಪಿನ ಮೇಲೆ, ಮಳೆಗಾಲದಲ್ಲಿ ಸೀಟಿನ ಮೇಲೆ ಮುದುಡಿಕೊಂಡು. ಅಪ್ಪ 1989ರಲ್ಲಿ ಕೆಎಸ್‌ಆರ್‌ಟಿಸಿಗೆ ಸೇರಿದ. 2000ದಲ್ಲಿ ನಮ್ಮ ಭಾಗಕ್ಕೆ ಬೇರೆ ಸಂಸ್ಥೆಯಾಗಿ ಈಶಾನ್ಯ ಕರ್ನಾಟಕ ಸಾರಿಗೆ ಅಂತ ಆಯ್ತು. 2019ರಲ್ಲಿ ಅಪ್ಪ ರಿಟೈರ್ ಆದ. ಆಮೇಲೆ 2021ರಲ್ಲಿ ಅದೇ ಕಲ್ಯಾಣ ಕರ್ನಾಟಕ ಸಾರಿಗೆ ಆಯ್ತು. ಬಸ್ಸಿನ ಮೇಲಿನ ಹೆಸರು ಮೂರು ಸಲ ಬರೆದರು, ವಸ್ತಿ ಮಾತ್ರ ವಸ್ತಿಯಾಗೇ ಉಳಿಯಿತು.

ಇಂಥ ಅಪ್ಪನ ಎದುರು ಕೂತು ನಾನು, "ಅಪ್ಪ, ಒಂದು ಗಾಡಿ ತಗೊಂಡು ಅದರಾಗ ಮಲಗೋಹಂಗ ಮಾಡಿಸಬೇಕು ಅಂತ ಮಾಡೀನಿ" ಅಂದೆ. ಲಾಕ್‌ಡೌನಿನಲ್ಲಿ ಮಾನ್ವಿಗೆ ಬಂದು ಮನೆಯಿಂದಲೇ ಕೆಲಸ ಮಾಡ್ತಿದ್ದ ಕಾಲ. ರಾತ್ರಿಯೆಲ್ಲ ಯೂಟ್ಯೂಬಿನಲ್ಲಿ ಮೋಟರ್‌ಹೋಮ್ ವಿಡಿಯೋ. ಸಮುದ್ರದ ಎದುರು ಹಿಂಬಾಗಿಲು ತೆರೆದು ಕಾಫಿ ಕುಡಿಯೋ ಜನ.

ಅಪ್ಪ ಕೇಳಿದ್ದು ಒಂದೇ ಮಾತು. "ಯಾಕ, ಮನಿ ಇಲ್ಲೇನು ನಿನಗ?"

ಅವ್ವ ಏನೂ ಅನ್ನಲಿಲ್ಲ. ರೊಟ್ಟಿ ತಟ್ಟೋದು ಒಂದು ಕ್ಷಣ ನಿಂತಿತ್ತು, ಅಷ್ಟೇ.

ಆದರೂ ಗಾಡಿ ನೋಡೋಕೆ ಅಪ್ಪನೇ ಬಂದ. ಆಗ ಟ್ರಾವೆಲ್ಸ್‌ನವರ ಗಾಡಿಗಳು ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದವು, ಕಂತು ಕಟ್ಟಲಾಗದೆ ಮಾರುತ್ತಿದ್ದರು. ರಾಯಚೂರಲ್ಲಿ ಒಂದು ಟೆಂಪೋ ಟ್ರಾವೆಲರ್ ಇದೆ ಅಂತ ಗೊತ್ತಾಯ್ತು. ಬೆಳಗ್ಗೆ ತೀನ್ ಕಂದೀಲ್ ಹತ್ತಿರ ಒಗ್ಗರಣಿ ಮಿರ್ಚಿ ತಿಂದು ಹೋದ್ವಿ. ಮಾರೋರು ಕೀಲಿ ಕೊಟ್ಟರು. ನಾನು ಸೀಟು, ಕಿಟಕಿ, ಎಸಿ ನೋಡ್ತಾ ಇದ್ದರೆ ಅಪ್ಪ ಬಾನೆಟ್ ಮೇಲೆ ಕೈ ಇಟ್ಟು ಸುಮ್ಮನೆ ನಿಂತ.

"ಬಿಸಿ ಅದ," ಅಂದ ನನ್ನ ಕಿವಿಯಲ್ಲಿ. "ನಾವು ಬರೋಕಿಂತ ಮೊದಲ ಚಾಲೂ ಮಾಡಿ ಇಟ್ಟಾರ. ನಾಳಿ ಮುಂಜಾನಿ ಬರೂಣು, ಹೇಳದ."

ಹಳೇ ಗಾಡಿ ಕೊಳ್ಳೋರು ಇದೊಂದನ್ನು ಬರೆದಿಟ್ಟುಕೊಳ್ಳಿ. ಎಂಜಿನ್ನಿನ ಎಷ್ಟೋ ರೋಗ ಗೊತ್ತಾಗೋದು ತಣ್ಣಗಿದ್ದಾಗ. ಮರುದಿನ ಅದು ನಾಲ್ಕನೇ ಸಲಕ್ಕೆ ಚಾಲೂ ಆಯ್ತು, ಬಿಳಿ ಹೊಗೆ ಬಿಟ್ಟಿತು. ಬಿಟ್ಟು ಬಂದ್ವಿ. ಎರಡು ವಾರದ ನಂತರ ಇನ್ನೊಂದು ಸಿಕ್ಕಿತು, ಅದೇ ಕೆಎ-36 ನಂಬರು, ಮೊದಲ ಸಲಕ್ಕೇ ಚಾಲೂ. ಅಪ್ಪ ಕೆಳಗೆ ಬಗ್ಗಿ ಚಾಸಿಗೆ ಸ್ಕ್ರೂಡ್ರೈವರ್ ಚುಚ್ಚಿ ತುಕ್ಕು ನೋಡಿದ. ಬಾಡಿಗೆ ಅಯಸ್ಕಾಂತ ಹಿಡಿದ, ಹಿಡಿಯದ ಕಡೆ ಒಳಗೆ ಪುಟ್ಟಿ ಇದೆ ಅಂತ ಅರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ನೋಡಿ. ಅದರಲ್ಲಿ 3216 ಅಂತಿದ್ದರೆ 2016ರ 32ನೇ ವಾರ ತಯಾರಾದದ್ದು. ಗೀರು ಎಷ್ಟು ಆಳ ಇದ್ದರೂ ಅಷ್ಟು ಹಳೇ ರಬ್ಬರನ್ನು ನಮ್ಮ ರಾಯಚೂರಿನ ಬಿಸಿಲಿನಲ್ಲಿ ನಂಬಬಾರದು. ಆರೂ ಟೈರಿನ ದುಡ್ಡು ರೇಟಿನಲ್ಲಿ ಕಡಿಮೆ ಮಾಡಿಸಿದ. ಐದೂವರೆ ಲಕ್ಷಕ್ಕೆ ಮುಗೀತು.

ಇನ್ನು ಕಾಗದ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರೋದಕ್ಕಿಂತ ಬೇರೆ ಥರ ಗಾಡಿಯನ್ನು ನಮಗೆ ಬೇಕಾದಂತೆ ಬದಲಾಯಿಸೋ ಹಾಗಿಲ್ಲ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಅಂತ ಒಂದು ವರ್ಗ ಸರ್ಕಾರದ ಪಟ್ಟಿಯಲ್ಲೇ ಇದೆ. ಹಾಗಾಗಿ ಮೊದಲು ಆರ್‌ಟಿಓ ಒಪ್ಪಿಗೆ, ಇನ್ಶೂರೆನ್ಸ್‌ನವರಿಗೆ ತಿಳಿಸೋದು, ಆಮೇಲೆ ಸ್ಪ್ಯಾನರ್. ಎಷ್ಟೋ ಜನ ಉಲ್ಟಾ ಮಾಡಿ, ಆಕ್ಸಿಡೆಂಟ್ ಆದಾಗ ಕ್ಲೇಮಿಗೆ ಒದ್ದಾಡ್ತಾರೆ.

ಸೀಟು ಬಿಚ್ಚಿ, ರಾಯಚೂರಿನ ಒಬ್ಬ ಬಡಗಿ ಮತ್ತು ಒಬ್ಬ ವೆಲ್ಡರ್ ಕೈಲಿ ಮಂಚ, ಕಪಾಟು, ಅಡುಗೆ ಕಟ್ಟೆ ಮಾಡಿಸಿದೆ. ಎರಡು ವಿಷಯದಲ್ಲಿ ಅಪ್ಪ ಜಗಳ ಆಡಿದ. ನಾನು 200 ಲೀಟರ್ ನೀರಿನ ಟ್ಯಾಂಕ್ ಅಂದೆ. "ಅಂದ್ರ 200 ಕೆಜಿ ಅನ್ನು. ತಲಿಗೆ 50 ಕೆಜಿ ಹಿಡದ್ರೂ ನಾಕು ಮಂದಿ ಯಾವಾಗ್ಲೂ ಗಾಡ್ಯಾಗ ಕುಂತಹಂಗ. ಬ್ರೇಕು ಯಾರು ಹಿಡೀಬೇಕು?" ಅಂದ. 60 ಲೀಟರಿಗೆ ಇಳಿಯಿತು. ಎರಡನೇದು ಗ್ಯಾಸು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ನಿಲ್ಲುತ್ತೆ. ಕಿಟಕಿ ತೆರೆದಿದ್ದರೂ ಹೊರಗೆ ಹೋಗಲ್ಲ. ಅದಕ್ಕೆ ಸಿಲಿಂಡರಿನ ಡಬ್ಬಿಯ ತಳದಲ್ಲೇ ಹೊರಗೆ ತೆರೆಯೋ ತೂತು ಬೇಕು. ಅಪ್ಪ ನಿಂತು ಕೊರೆಸಿದ.

ಫೆಬ್ರವರಿಯಲ್ಲಿ ಗಾಡಿ ತಯಾರು. ನಾನೂ ಇಬ್ಬರು ಗೆಳೆಯರೂ ಹಂಪಿಗೆ ಹೋದ್ವಿ. ಮೊದಲ ರಾತ್ರಿ ಎರಡು ಗಂಟೆಗೆ ಫ್ಯಾನ್ ನಿಂತಿತು. ಫ್ರಿಜ್ಜೂ ನಿಂತಿತ್ತು. ಹಾಲು ಒಡೆದಿತ್ತು.

ಇಂಥ ಗಾಡಿಯಲ್ಲಿ ಎರಡು ಬ್ಯಾಟರಿ. ಒಂದು ಎಂಜಿನ್ನಿಗೆ, ಒಂದು ಮನೆಗೆ. ಗಾಡಿ ಓಡುವಾಗ ಆಲ್ಟರ್ನೇಟರು ಎರಡನ್ನೂ ತುಂಬಬೇಕು. ನನ್ನ ಲೆಕ್ಕ ಕಾಗದದ ಮೇಲೆ ಸರಿಯಾಗೇ ಇತ್ತು. 100 ಎಎಚ್ ಲೆಡ್ ಬ್ಯಾಟರಿ, ಬಾಳಿಕೆ ಬರಬೇಕಂದ್ರೆ ಅರ್ಧ ಮಾತ್ರ ಬಳಸಬೇಕು, ಅಂದ್ರೆ 50. ಫ್ರಿಜ್ಜಿಗೂ ಫ್ಯಾನಿಗೂ ಸೇರಿ ಗಂಟೆಗೆ 5 ಆಂಪಿಯರ್ ಹಿಡಿದರೆ ಹತ್ತು ಗಂಟೆ. ರಾತ್ರಿ ಆರಾಮಾಗಿ ಕಳೀಬೇಕು. ಕಳೀತಿರಲಿಲ್ಲ.

ಬ್ಯಾಟರಿ ಹೋಗಿದೆ ಅಂದರು ಒಬ್ಬರು. ಹೊಸದು ಹಾಕಿದೆ. ಎರಡು ವಾರಕ್ಕೆ ಅದೇ ಕಥೆ. ಆಲ್ಟರ್ನೇಟರ್ ಬ್ರಷ್ ಅಂದರು ಇನ್ನೊಬ್ಬರು. ಬದಲಾಯಿಸಿದೆ. ಸೋಲಾರ್ ಹಾಕಿಸಿ ಅಂದರು ಮೂರನೆಯವರು. ಏಪ್ರಿಲ್ ಹೊತ್ತಿಗೆ 30 ಸಾವಿರ ಹೋಗಿತ್ತು. ರಾಯಚೂರಿನ ಬಿಸಿಲು 40 ದಾಟಿತ್ತು, ಫ್ಯಾನಿಲ್ಲದ ತಗಡಿನ ಗಾಡಿಯೊಳಗೆ ಹತ್ತು ನಿಮಿಷ ಕೂರೋಕಾಗಲ್ಲ. ಮನೆ ಎದುರು ನಿಂತ ಗಾಡಿ ನೋಡಿ ಓಣಿಯವರೆಲ್ಲ "ಮಾರ್ತೀಯೇನು?" ಅಂತ ಕೇಳೋಕೆ ಶುರು ಮಾಡಿದರು. ಆಫೀಸಿನವರು ವಾಪಸ್ ಬಾ ಅಂತಿದ್ದರು. ಲೋನಿನ ಕಂತು ತಪ್ಪುತ್ತಿರಲಿಲ್ಲ. ಒಂದು ರಾತ್ರಿ ಕೂತು ಮಾರಾಟದ ಜಾಹೀರಾತು ಬರೆದೇಬಿಟ್ಟೆ.

ಬೆಳಗ್ಗೆ ಅಪ್ಪ ಬಂದು, "ಚಾಲೂ ಮಾಡು" ಅಂದ.

ಅಪ್ಪನಿಗೆ ಎಡಗಣ್ಣು ಸರಿಯಾಗಿ ಕಾಣಲ್ಲ ಈಗ. ರಾತ್ರಿ ಗಾಡಿ ಓಡಿಸಬೇಡಿ ಅಂದಿದ್ದಾರೆ ಡಾಕ್ಟರು. ಗಾಡಿ ಚಾಲೂ ಇರುವಾಗ ಅವನು ಮನೆ ಬ್ಯಾಟರಿಯಿಂದ ಹಿಡಿದು ವೈರಿನ ಒಂದೊಂದೇ ಜಾಯಿಂಟ್ ಮೇಲೆ ಬೆರಳಿಡುತ್ತಾ ಬಂದ. ಮಂಚದ ಕೆಳಗೆ, ಚಾಸಿಗೆ ಕಪ್ಪು ವೈರ್ ಬಿಗಿದಿದ್ದ ಬೋಲ್ಟಿನ ಹತ್ತಿರ ನಿಂತ.

"ಇಲ್ಲಿ ಕೈ ಇಡು."

ಬೋಲ್ಟ್ ಬಿಸಿ ಇತ್ತು.

"ಯಾವ ಜಾಯಿಂಟ್ ಬಿಸಿ ಆಗ್ತದೋ ಅಲ್ಲೇ ಕಳ್ಳ ಕುಂತಿರ್ತಾನ."

ಮಲ್ಟಿಮೀಟರ್ ತಂದು ನೋಡಿದೆ. ಆಲ್ಟರ್ನೇಟರ್ ಹತ್ತಿರ 14.2 ವೋಲ್ಟ್. ಮನೆ ಬ್ಯಾಟರಿಯಲ್ಲಿ 12.9. ಬ್ಯಾಟರಿಯ ಮೈನಸ್ಸಿಗೂ ಚಾಸಿಯ ಬರಿ ಕಬ್ಬಿಣಕ್ಕೂ ಮಧ್ಯೆ 1.1 ವೋಲ್ಟ್. ಅಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು. ಬೋಲ್ಟ್ ಬಿಚ್ಚಿದರೆ ಕೆಳಗೆ ಮಿರಮಿರ ಬಣ್ಣ. ತುಕ್ಕು ಹಿಡೀಬಾರದು ಅಂತ ಚಾಸಿಗೆ ಎರಡು ಕೋಟ್ ಬಳಿದದ್ದು ನಾನೇ, ಬಣ್ಣದ ಮೇಲೇ ಅರ್ಥ್ ಬಿಗಿದದ್ದೂ ನಾನೇ. ಗೆಳೆಯರಿಗೆ ಫೋಟೋ ಕೂಡ ಹಾಕಿದ್ದೆ. ಕರೆಂಟು ಹೋಗೋಕೆ ದಾರಿಯಿಲ್ಲದೆ ಬ್ಯಾಟರಿ ಯಾವತ್ತೂ ಪೂರ್ತಿ ತುಂಬಿರಲೇ ಇಲ್ಲ.

ಉಪ್ಪುಕಾಗದದಿಂದ ಕಬ್ಬಿಣ ಹೊಳೆಯೋ ತನಕ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದ್ವಿ. ಮೀಟರು 14.0 ತೋರಿಸಿತು. ಖರ್ಚು, 20 ರೂಪಾಯಿ.

"ಇದು ಹೆಂಗ ಗೊತ್ತಾಯ್ತು ನಿನಗ?" ಅಂದೆ.

"ರಾತ್ರಿ ಹಳ್ಳ್ಯಾಗ ಗಾಡಿ ಕೆಟ್ರ ಡಿಪೋದಿಂದ ಯಾರು ಬರ್ತಾರ? ಮೀಟರ್ ಎಲ್ಲಿತ್ತು? ಕೈನೇ ಮೀಟರ್." ಸ್ವಲ್ಪ ಹೊತ್ತು ಬಿಟ್ಟು ಅಂದ. "ಮುಂಜಾನಿ ಐದೂವರಿಗೆ ಗಾಡಿ ಹೊರಡಲಿಲ್ಲ ಅಂದ್ರ ಯಾರದೋ ಪರೀಕ್ಷಿ ತಪ್ತಿತ್ತು."

ಅವತ್ತು ಅವ್ವ ಮೊದಲ ಸಲ ಗಾಡಿ ಹತ್ತಿದಳು. ಮಂಚ ಒತ್ತಿ ನೋಡಿದಳು, ಕಪಾಟು ತೆಗೆದು ನೋಡಿದಳು. ಆಮೇಲೆ ಕೇಳಿದಳು. "ಬಾಗ್ಲಾ ಒಳಗಿನಿಂದ ಹಾಕ್ಕೊಳಾಕ ಬರ್ತದೇನು?"

ಬರುತ್ತೆ ಅಂದೆ.

"ಹಂಗಾದ್ರ ನಿಮ್ಮಪ್ಪ ಮಲಗ್ತಿದ್ದ ಊರು ತೋರ್ಸು."

ನನಗೆ ಹೊಳೆದೇ ಇರಲಿಲ್ಲ. ಮಾನ್ವಿಯಿಂದ ದೇವದುರ್ಗಕ್ಕೆ ಸಿರವಾರದ ಮೇಲೆ ಹೋದರೆ ಎಷ್ಟು ಮಹಾ ದೂರ? ಆದರೆ ಅವ್ವ ಆ ಊರುಗಳನ್ನು ಒಂದು ಸಲವೂ ನೋಡಿರಲಿಲ್ಲ. ಅಪ್ಪ ಗಾಡಿಯಲ್ಲಿ ಮಲಗಿದ ಅಷ್ಟೂ ರಾತ್ರಿ ಅವಳು ನಮ್ಮಿಬ್ಬರು ಮಕ್ಕಳನ್ನು ಎರಡೂ ಪಕ್ಕ ಹಾಕಿಕೊಂಡು, ಬಾಗಿಲಿಗೆ ಒಳಗಿನಿಂದ ಒನಕೆ ಆನಿಸಿ ಮಲಗಿದವಳು. ನನಗೆ ನೆನಪಿರೋದು ಆ ಒನಕೆ ಮಾತ್ರ. ಅಪ್ಪ ಬಸ್ಸಲ್ಲಿ ಮಲಗ್ತಾನೆ ಅಂತ ಶಾಲೆಯಲ್ಲಿ ನಾನು ಜಂಬ ಕೊಚ್ಚುತ್ತಿದ್ದೆ.

ಬೇಸಿಗೆ ಕಳೀಲಿ ಅಂತ ಕಾದು, ಜನವರಿಯಲ್ಲಿ ಹೊರಟ್ವಿ. ಹೊಲದಲ್ಲಿ ಬಿಳಿಜೋಳ ನಿಂತಿತ್ತು, ಹತ್ತಿ ಬಿಡಿಸೋ ಹೆಂಗಸರು ಸಾಲಾಗಿ ಮನೆಗೆ ನಡೀತಿದ್ದರು. ದೇವದುರ್ಗ ದಾಟಿ ಕೃಷ್ಣೆಯ ಕಡೆಗೆ ಹೋಗೋ ರಸ್ತೆಯಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಕೂತು ಪ್ರತಿ ತಿರುವಿಗೂ ಬಲಗಾಲು ಒತ್ತುತ್ತಿದ್ದ, ಅಲ್ಲಿ ಬ್ರೇಕ್ ಇಲ್ಲದಿದ್ದರೂ. ಊರು ಮುಟ್ಟಿದಾಗ ಏಳು ಗಂಟೆ. ಗುಡಿ ಕಟ್ಟೆ, ಬೇವಿನ ಮರ, ಒಂದು ಕಿರಾಣಿ ಅಂಗಡಿ. "ಇಲ್ಲೇ," ಅಂದ ಅಪ್ಪ.

ಅವ್ವ ಇಳಿದು ಸುತ್ತಲೂ ನೋಡಿದಳು. "ನೀರು?"

"ಆ ಬೋರಿನಿಂದ."

"ಚಳಿಗಾಲದಾಗ ಹೊದಿಕಿ?"

"ನೀ ಕೊಟ್ಟಿದ್ದೆಲ್ಲ, ಆ ಕೌದಿ."

"ಊಟ?"

ಅಪ್ಪ ಗುಡಿಯ ಕಡೆ ನೋಡಿದ. "ಯಾರಾದ್ರೂ ಕೊಡ್ತಿದ್ರು. ಕೊಡದಿದ್ರ ನೀರು ಕುಡದು ಮಲಗೋದು."

ಒಂಬತ್ತಕ್ಕೆ ಸ್ವಲ್ಪ ಮೊದಲು ವಸ್ತಿ ಬಸ್ ಬಂತು. ಈಗಲೂ ಬರುತ್ತೆ. ಇಳಿದವರು ಐದಾರು ಜನ. ಡ್ರೈವರ್ ನನ್ನ ವಯಸ್ಸಿನ ಹುಡುಗ. ಬಸ್ಸಿನ ಸುತ್ತ ಒಂದು ಸುತ್ತು ಹಾಕಿ ಟೈರಿಗೆಲ್ಲ ಕಾಲಿನಿಂದ ಒದ್ದು ನೋಡಿದ. ಅಪ್ಪ ನಕ್ಕ. ಆಮೇಲೆ ಅವರಿಬ್ಬರೂ ನಮ್ಮ ಗಾಡಿಯ ಬಾನೆಟ್ ತೆರೆದು ಬೆಲ್ಟು, ರೇಡಿಯೇಟರು ಅಂತ ಅರ್ಧ ಗಂಟೆ ಮಾತಾಡಿದರು. ಆ ಹುಡುಗ ಒಳಗೆ ಬಂದು ಮಂಚ ಮುಟ್ಟಿ, "ಭಾರಿ ಮಾಡೀರಿ ಬಿಡ್ರಿ," ಅಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಾನು ದುಡ್ಡು ಕೊಟ್ಟು ಕೊಂಡದ್ದು ಅವನಿಗೆ ನೌಕರಿ.

ಈಗ ಗಾಡಿಯಲ್ಲಿ ಒಂದು ನೋಟ್‌ಬುಕ್ ಇದೆ. ತಿಂಗಳಿಗೊಮ್ಮೆ ಅರ್ಥ್ ಬೋಲ್ಟುಗಳೆಲ್ಲ ಬಿಗಿ ಇವೆಯಾ, ಗ್ಯಾಸ್ ಪೈಪಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡೋದು, ನಿಂತ ಗಾಡಿಯನ್ನು ವಾರಕ್ಕೊಮ್ಮೆ ಹತ್ತು ಕಿಲೋಮೀಟರಾದರೂ ಓಡಿಸೋದು, ವೈರ್ ಕಡಿಯೋ ಇಲಿಗೆ ಬಾನೆಟ್ ಒಳಗೆ ನೋಡೋದು. ನಾನು ಬೆಂಗಳೂರಲ್ಲಿದ್ದಾಗ ಇದೆಲ್ಲ ಅಪ್ಪ ಮಾಡಿ ಪಕ್ಕದಲ್ಲಿ ತಾರೀಖು ಬರೀತಾನೆ. ಗಾಡಿಯೊಳಗೆ ರೊಟ್ಟಿ ಡಬ್ಬಿ ಖಾಲಿ ಇರಬಾರದು ಅನ್ನೋದು ಅವ್ವ ಬರೆಸಿದ್ದು.

ಆ ರಾತ್ರಿ ಅವ್ವ ಆ ಡಬ್ಬಿಯಿಂದ ನಾಲ್ಕು ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಹಾಕಿ ಡ್ರೈವರಿಗೆ, ಇನ್ನಷ್ಟು ಕಂಡಕ್ಟರಿಗೆ ಕೊಟ್ಟಳು. ಅವರು ಉಣ್ಣೋ ತನಕ ಎದುರೇ ಕೂತಳು.

"ಮನ್ಯಾಗ ಯಾರದಾರಪ್ಪ ನಿನಗ?" ಅಂತ ಡ್ರೈವರನ್ನು ಕೇಳಿದಳು.

"ಹೆಂಡ್ತಿ, ಒಂದು ಕೂಸು. ಸಿಂಧನೂರಾಗ."

"ಫೋನ್ ಹಚ್ಚು ಆಕಿಗೆ. ಉಂಡೀನಿ ಅಂತ ಹೇಳು."

ಅವನು ನಕ್ಕು, ಕೈ ತೊಳೆದು, ಬಸ್ಸಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದ. ಅವ್ವ ಗಾಡಿಯೊಳಗೆ ಬಂದು ಬಾಗಿಲು ಹಾಕಿ, ಚಿಲಕ ಎರಡು ಸಲ ಎಳೆದು ನೋಡಿ, ಅಪ್ಪನ ಪಕ್ಕದಲ್ಲಿ ಮಲಗಿದಳು. ನಾನು ಹೊರಗೆ ಕಟ್ಟೆಯ ಮೇಲೆ ಮಲಗಿದೆ. ಫ್ಯಾನು ಬೆಳಗಿನ ತನಕ ತಿರುಗುತ್ತಲೇ ಇತ್ತು. ಚಳಿಯಲ್ಲಿ ಅದರ ಅಗತ್ಯವೇನೂ ಇರಲಿಲ್ಲ. ನಿಲ್ಲುತ್ತೋ ಇಲ್ಲವೋ ನೋಡಬೇಕು ಅಂತ ಅಪ್ಪನೇ ಹಚ್ಚಿದ್ದನಂತೆ.