ಕೋಡು ವಾಲಿದ ಎತ್ತು, ಕಪ್ಪದ ಆನೆ

ಎತ್ತಿನ ಕೋಡಿಗೂ ಕ್ಯಾನ್ಸರ್ ಆಗುತ್ತದೆ ಅಂದರೆ ಪೇಟೆಯವರು ನಗುತ್ತಾರೆ. ಮುದಗಲ್ ಸುತ್ತಲಿನ ಒಕ್ಕಲುತನದವರು ನಗುವುದಿಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ಕೊನೆಗೆ ಏನೂ ಗೊತ್ತಿಲ್ಲದವರ ಹಾಗೆ ಕೋಡಿನ ಬುಡ ಹಿಡಿದು ಸ್ವಲ್ಪ ಅಲುಗಿಸಿ ನೋಡುವ ಹಿರಿಯರಿದ್ದಾರೆ. ಯಾಕೆ ಅಂತೀರಾ? ಈ ರೋಗ ಮೊದಲಿಗೆ ಕಣ್ಣಿಗೆ ಕಾಣುವುದೇ ಇಲ್ಲ. ಎತ್ತು ತಲೆ ಒಂದು ಮಗ್ಗುಲಿಗೆ ವಾಲಿಸುತ್ತದೆ, ಗ್ವಾದಲಿಗೆ ಕೋಡು ತಿಕ್ಕುತ್ತದೆ, ಅದೇ ಕಡೆಯ ಹೊಳ್ಳೆಯಿಂದ ರಕ್ತ ಬೆರೆತ ಸಿಂಬಳ ಹನಿಯುತ್ತದೆ. ಗಡ್ಡೆ ಇರುವುದು ಕೋಡಿನೊಳಗಿನ ಟೊಳ್ಳಿನ ಒಳಪದರದಲ್ಲಿ. ಮೇಲೆ ಗೊತ್ತಾಗುವ ಹೊತ್ತಿಗೆ ಕೋಡು ಬುಡದಲ್ಲಿ ಸಡಿಲಾಗಿ ಜೋತು ಬಿದ್ದಿರುತ್ತದೆ. ಪಶುವೈದ್ಯರು ಬುಡಕ್ಕೇ ಕೊಯ್ದು ತೆಗೆಯುತ್ತಾರೆ. ಮುಂದಿನ ಕಾರಹುಣ್ಣಿಮೆಗೆ ಆ ಎತ್ತಿಗೆ ಒಂದೇ ಕೋಡಣಸು ಸಾಕು.

ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು. ನೊಗದ ತಿಕ್ಕಾಟ, ಬಿಸಿಲು, ಕೋಡಿಗೆ ಬಳಿಯುವ ಬಣ್ಣ, ಹಬ್ಬಕ್ಕೆಂದು ಕೋಡು ಹೆರೆಯುವುದು. ಆದರೆ ಒಂದು ಮಾತು ವೈದ್ಯರೂ ಒಪ್ಪುತ್ತಾರೆ: ಹೋರಿಗಿಂತ, ಆಕಳಿಗಿಂತ ಬೀಜ ಒಡೆಸಿದ ಎತ್ತಿಗೇ ಇದು ಹೆಚ್ಚು. ಪಾಪ, ದುಡಿಯುವುದೂ ಅದೇ, ಕೋಡು ಕಳೆದುಕೊಳ್ಳುವುದೂ ಅದೇ. ನನಗನಿಸುವುದು, ನಿಸರ್ಗಕ್ಕೆ ಎತ್ತಿನ ಬಗ್ಗೆ ಕಾಳಜಿಯೇ ಇಲ್ಲ. ಮರಿ ಹಾಕುವವರೆಗೆ, ಹಾಕಿದ ಮರಿ ತನ್ನ ಕಾಲ ಮೇಲೆ ನಿಲ್ಲುವವರೆಗೆ ದೇಹ ಗಟ್ಟಿಯಾಗಿದ್ದರೆ ಅದರ ಕೆಲಸ ಮುಗಿಯಿತು. ಸಂತಾನವೇ ಇಲ್ಲದ ಎತ್ತನ್ನು ಅದು ಯಾವ ಲೆಕ್ಕದಲ್ಲಿ ಕಾಯಬೇಕು?

ಲೆಕ್ಕವೆಂದರೆ ಬ್ರಿಟನ್ನಿನ ವಿಜ್ಞಾನಿ ರಿಚರ್ಡ್ ಪೀಟೋ ನೆನಪಾಗುತ್ತಾರೆ. ಕ್ಯಾನ್ಸರ್ ಅಂದರೆ ಜೀವಕೋಶ ಒಡೆದು ಎರಡಾಗುವಾಗ ನಕಲಿನಲ್ಲಿ ಬೀಳುವ ತಪ್ಪು. ಹಾಗಿದ್ದರೆ ಹೆಚ್ಚು ಕೋಶವಿದ್ದವರಿಗೆ ಹೆಚ್ಚು ಕ್ಯಾನ್ಸರ್ ಬರಬೇಕಲ್ಲ? ಇಲಿಗಿಂತ ನಮಗೆ, ನಮಗಿಂತ ಆನೆಗೆ? ಹಾಗೇನೂ ಆಗುವುದಿಲ್ಲ ಎಂದು ಅವರು 1970ರ ದಶಕದಲ್ಲಿ ತೋರಿಸಿದಾಗಿನಿಂದ ವಿಜ್ಞಾನಿಗಳು ತಲೆ ಕೆರೆದುಕೊಳ್ಳುತ್ತಿದ್ದಾರೆ.

ಆನೆಯ ಮಾತು ಬಂದರೆ ಮುದಗಲ್ಲಿನಲ್ಲಿ ಅಕ್ಕಸಾಲಿಗರ ಹುಡುಗಿಯ ಕಥೆ ಬರಲೇಬೇಕು. ಆಕೆಗಾಗಿಯೇ 1406ರಲ್ಲಿ ವಿಜಯನಗರದ ಒಂದನೇ ದೇವರಾಯ ದಂಡೆತ್ತಿ ಬಂದ, ಫಿರೋಜ್ ಶಹಾ ಬಹಮನಿ ಕೈಯಲ್ಲಿ ಸೋತ, ಸಂಧಿಗೆ ಮುತ್ತು, ಹೊನ್ನು, ಬಂಕಾಪುರದ ಜೊತೆ 50 ಆನೆ ಕೊಟ್ಟ ಅಂತ ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಫರಿಶ್ತಾ ಎಷ್ಟು ನಿಜ ಹೇಳಿದ, ಎಷ್ಟು ಮಸಾಲೆ ಅರೆದ ಅನ್ನುವುದು ಬೇರೆ ಹರಟೆ. ಆ ಆನೆಗಳ ಮೈಯಲ್ಲಿ ಏನಿತ್ತೆಂದು ಕೊಟ್ಟವನಿಗೂ ಗೊತ್ತಿರಲಿಲ್ಲ, ಪಡೆದವನಿಗೂ ಗೊತ್ತಿರಲಿಲ್ಲ. ಅದು ಹೊರಬಿದ್ದದ್ದು 2015ರಲ್ಲಿ. ಟಿಪಿ53 ಅನ್ನುವ ಜೀನು ನಮ್ಮ ಮುದಗಲ್ ಕೋಟೆಯ ಬಾಗಿಲ ಕಾವಲುಗಾರನಿದ್ದಂತೆ. ಡಿಎನ್‌ಎ ಕೆಟ್ಟ ಕೋಶವನ್ನು ತಡೆದು ನಿಲ್ಲಿಸುತ್ತದೆ. ರಿಪೇರಿಯಾಗದಿದ್ದರೆ ಅಲ್ಲೇ ಮುಗಿಸುತ್ತದೆ. ನಮಗೆ ತಾಯಿಯಿಂದ ಒಂದು, ತಂದೆಯಿಂದ ಒಂದು. ಆನೆಗೆ ಒಂದೊಂದು ಕಡೆಯಿಂದ 20! ಎಲ್ಲವೂ ಪೂರ್ತಿ ಪ್ರತಿಗಳಲ್ಲ, ನಿಜ. ಆದರೂ ಆನೆಯ ಕೋಶ ಕೆಟ್ಟರೆ ರಿಪೇರಿಗೆ ಕಾಯುವುದಕ್ಕಿಂತ ಸಾಯುವುದೇ ಹೆಚ್ಚು. 22 ತಿಂಗಳು ಬಸಿರು, 50 ದಾಟಿದರೂ ಮರಿ ಹಾಕುವ ಪ್ರಾಣಿ. ಅದನ್ನು ಕಾಯದೆ ನಿಸರ್ಗಕ್ಕೆ ಗತಿಯಿಲ್ಲ.

ಹಾಗಂತ ಗಾತ್ರ ಬೇಕೇ ಬೇಕು ಅಂತೇನಿಲ್ಲ. ನಮ್ಮ ಎರೆಹೊಲದ ಬೆಳೆ ಮೇಯ್ದು ಬೈಗುಳ ತಿನ್ನುವ ಚಿಗರಿ ಇದೆಯಲ್ಲ, ಕೃಷ್ಣಮೃಗ, ಅದರ ಪುಣ್ಯ ದೊಡ್ಡದು. 2022ರಲ್ಲಿ ಜಗತ್ತಿನ ಮೃಗಾಲಯಗಳ ಸಾವಿನ ದಾಖಲೆಗಳನ್ನು, 191 ಜಾತಿಯ ಸಸ್ತನಿಗಳದ್ದು, ಒಟ್ಟು ಹಾಕಿ ನೋಡಿದರು. ಹೆಚ್ಚುಕಡಿಮೆ 200 ಚಿಗರಿಗಳಲ್ಲಿ ಒಂದಕ್ಕೂ ಗಡ್ಡೆ ಇರಲಿಲ್ಲ. ಹುಲ್ಲು ಮೇಯುವ ಗೊರಸಿನ ಪ್ರಾಣಿಗಳಿಗೆ ಕ್ಯಾನ್ಸರ್ ಕಡಿಮೆ, ಮಾಂಸಾಹಾರಿ ಬಳಗಕ್ಕೆ ಹೆಚ್ಚು. ಮೊಹರಮ್ಮಿನಲ್ಲಿ ಅಲಾಯಿ ದೇವರ ಮುಂದೆ ಹುಲಿವೇಷ ಕುಣಿಯುವಾಗ ಇದನ್ನು ಯಾರಿಗೂ ಹೇಳಲು ಹೋಗಬೇಡಿ; ವೇಷದವನು ಬಾರಿಸಿಯಾನು.

ನಾಯಿಯದು ಇನ್ನೂ ವಿಚಿತ್ರ. ಬೀದಿನಾಯಿಗಳ ಜನನಾಂಗದ ಮೇಲೆ ಕೆಂಪಗೆ ಉಬ್ಬಿದ ಗಡ್ಡೆ ನೋಡಿರುತ್ತೀರಿ, ನೋಡಿ ಮುಖ ತಿರುಗಿಸಿರುತ್ತೀರಿ. ಅದು ಆ ನಾಯಿಯ ಮಾಂಸವೇ ಅಲ್ಲ. ಸಾವಿರಾರು ವರ್ಷಗಳ ಹಿಂದೆ ಏಷ್ಯಾದಲ್ಲೆಲ್ಲೋ ಬದುಕಿದ್ದ ಒಂದು ನಾಯಿಯ ಕ್ಯಾನ್ಸರ್ ಕೋಶಗಳು, ಕೂಡುವಿಕೆಯಿಂದ ದಾಟುತ್ತ ದಾಟುತ್ತ ಇಂದಿಗೂ ಜೀವಂತವಾಗಿವೆ. ಇಲ್ಲೇ ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ, ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಲೋಕಕ್ಕೆ ತಿಳಿಸಿದ ಬಂಡೆ, ಕೊರೆದು ಸುಮಾರು 2,250 ವರ್ಷ. ಅದನ್ನು ಕೊರೆಯುವಾಗ ಕಾಲ ಬಳಿ ಮಲಗಿದ್ದ ನಾಯಿಗೂ ಈ ಗಡ್ಡೆ ಇದ್ದಿರಬಹುದು. ಚಕ್ರವರ್ತಿಯ ಹೆಸರು ಉಳಿಯಲು ಕಲ್ಲು ಬೇಕಾಯಿತು. ಗಡ್ಡೆ ಮೊದಲು ಹುಟ್ಟಿದ ಆ ಹೆಸರಿಲ್ಲದ ನಾಯಿ ಮೈಸಮೇತ ಉಳಿದಿದೆ.

ನಾಯಿಯ ಈ ಗಡ್ಡೆಗೆ ಮದ್ದಿದೆ, ವಿನ್‌ಕ್ರಿಸ್ಟೀನ್. ಕಿದ್ವಾಯಿಯಂಥ ಆಸ್ಪತ್ರೆಗಳಲ್ಲಿ ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಡುವುದೂ ಇದನ್ನೇ. ಬರುವುದೆಲ್ಲಿಂದ? ಅಂಗಳದ ನಿತ್ಯಪುಷ್ಪದಿಂದ, ಕಾಶಿ ಕಣಗಿಲೆ ಅನ್ನುತ್ತಾರಲ್ಲ, ಅದರಿಂದ. ಕಹಿ ಅಂದರೆ ಕಹಿ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಕಟ್ಟಿದವರ ಅಂಗಳದಲ್ಲಿ ಈ ಗಿಡ ಇರಲಿಲ್ಲ ಅಂತ ಕಾಣುತ್ತದೆ.