ಖಾಲಿ ಉಳಿದ ಅಂಕಣ

ಕಳೆದ ವರ್ಷ ನ್ಯಾಯಾಲಯದ ಬೇಸಗೆ ರಜೆಯಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನೆಲೆಸಿರುವ ತಂಗಿಯ ಮನೆಗೆ ಹೋಗಿದ್ದೆ. ನೆರೆಮನೆಯಲ್ಲಿ ಎಪ್ಪತ್ತು ದಾಟಿದ ನಿವೃತ್ತ ಅಧ್ಯಾಪಿಕೆಯೊಬ್ಬರಿದ್ದರು. ನಾನು ಕಾಸರಗೋಡಿನ ವಕೀಲನೆಂದು ತಿಳಿದೊಡನೆ, "ಹಾಗಾದರೆ ಹಳೆಯ ದಾಖಲೆಗಳೆಂದರೆ ನಿಮಗೆ ಬೇಸರವಾಗದು. ನಮ್ಮ ಹಿರಿಯರನ್ನು ಹುಡುಕಲು ಹೊರಟಿದ್ದೇನೆ, ಜೊತೆಗೆ ಬನ್ನಿ" ಎಂದು ಕರೆದರು.

ಮರುದಿನ ಇಬ್ಬರೂ ಜನರಲ್ ರಿಜಿಸ್ಟರ್ ಹೌಸ್‌ಗೆ ಹೋದೆವು. ದಾಖಲೆಗಳನ್ನು ಕಾಪಾಡುವುದಕ್ಕೆಂದೇ 1774ರಲ್ಲಿ ಅಡಿಗಲ್ಲು ಹಾಕಿ ಕಟ್ಟಿಸಿದ ಭವನವದು. ಆ ದೇಶದಲ್ಲಿ ಭೂಮಿಯ ಹಸ್ತಾಂತರಗಳನ್ನು 1617ರಿಂದಲೇ ನೋಂದಾಯಿಸುತ್ತಿದ್ದಾರೆ. ಜನನ, ವಿವಾಹ, ಮರಣಗಳ ಕಡ್ಡಾಯ ನೋಂದಣಿ ಆರಂಭವಾದದ್ದು 1855ರಲ್ಲಿ. ಅದಕ್ಕೂ ಹಿಂದಿನವರನ್ನು ಚರ್ಚಿನ ಪುಸ್ತಕಗಳಲ್ಲಿ ಹುಡುಕಬೇಕು. ಮರಣದ ದಾಖಲೆಯಲ್ಲಿ ಮೃತರ ತಂದೆಯ ಹೆಸರಿನೊಡನೆ ತಾಯಿಯ ತವರಿನ ಕುಲನಾಮವೂ ಇರುವುದರಿಂದ, ಒಂದು ತಲೆಮಾರು ಮತ್ತೊಂದರ ಬಾಗಿಲನ್ನು ತೆರೆಯುತ್ತದೆ. ಹಿರಿಯ ಮಗನಿಗೆ ಅಜ್ಜನ ಹೆಸರಿಡುವ ರೂಢಿ ಅವರಲ್ಲಿಯೂ ಇತ್ತೆಂದು ಕೇಳಿ ನನಗೆ ಸಂತೋಷವಾಯಿತು.

ಮಧ್ಯಾಹ್ನದೊಳಗೆ ಅವರ ಮುತ್ತಜ್ಜಿ ಸ್ಕೈ ದ್ವೀಪದಲ್ಲಿ ಸಿಕ್ಕಿದರು. 1891ರ ಜನಗಣತಿಯ ಹಾಳೆಯಲ್ಲಿ ಭಾಷೆಗೊಂದು ಅಂಕಣವಿತ್ತು. ಗೇಲಿಕ್ ಮಾತ್ರ ಬಲ್ಲವರಿಗೆ 'ಗೇಲಿಕ್' ಎಂದೂ, ಇಂಗ್ಲಿಷನ್ನೂ ಬಲ್ಲವರಿಗೆ ಎರಡರ ಮೊದಲಕ್ಷರಗಳನ್ನೂ ಬರೆಯಬೇಕಿತ್ತು. ಉಳಿದವರಿಗೆ ಅಂಕಣ ಖಾಲಿ. ಮುತ್ತಜ್ಜಿಯ ಹೆಸರಿನ ಮುಂದೆ 'ಗೇಲಿಕ್' ಎಂದಷ್ಟೇ ಇತ್ತು. ಶಾಲೆಗೆ ಹೋಗುತ್ತಿದ್ದ ಮಗನ ಮುಂದೆ ಎರಡೂ ಭಾಷೆಗಳಿದ್ದವು. ಆ ಮಗನೇ 1921ರ ಗಣತಿಯಲ್ಲಿ ಗ್ಲಾಸ್ಗೋ ನಗರದ ಸಂಸಾರಸ್ಥ. ಅವನ ಮುಂದೆ ಎರಡೂ ಭಾಷೆಗಳು ಹಾಗೆಯೇ ಉಳಿದಿದ್ದವು. ಅವನ ಮಕ್ಕಳ ಮುಂದೆ ಏನೂ ಇರಲಿಲ್ಲ.

ಅಧ್ಯಾಪಿಕೆ ಬಹಳ ಹೊತ್ತು ಮೌನವಾಗಿದ್ದರು. ಬಳಿಕ, "ಈ ಮಕ್ಕಳಲ್ಲಿ ಒಬ್ಬರು ನಮ್ಮ ತಂದೆ. ಮುತ್ತಜ್ಜಿ ಈಗ ಎದ್ದು ಬಂದರೂ ನಾನು ಅವರೊಡನೆ ಏನು ಮಾತನಾಡಲಿ?" ಎಂದರು.

ಸ್ಕಾಟ್ಲೆಂಡಿನಲ್ಲಿ ಮಕ್ಕಳ ಶಿಕ್ಷಣವನ್ನು ಕಡ್ಡಾಯಗೊಳಿಸಿದ್ದು 1872ರ ಕಾಯಿದೆ. ಅದು ಗೇಲಿಕ್ ಭಾಷೆಯನ್ನು ನಿಷೇಧಿಸಲಿಲ್ಲ. ಅದರ ಹೆಸರನ್ನೇ ಎತ್ತಲಿಲ್ಲ. ಕಾನೂನಿನ ಮೌನವೂ ಒಂದು ತೀರ್ಪಾಗಬಲ್ಲದೆಂಬುದು ನನ್ನ ವೃತ್ತಿಯಲ್ಲಿ ನಾನು ಕಂಡ ಸತ್ಯ. ಆದರೆ ಆ ಅಂಕಣ ಬರಿದಾದದ್ದು ಕಾನೂನೊಂದರಿಂದಲೇ ಅಲ್ಲ. ಮಕ್ಕಳಿಗೆ ಒಳಿತಾಗಲೆಂದು ಬಯಸಿದ ತಂದೆತಾಯಿಯರ ಮೌನವೂ ಅದರಲ್ಲಿ ಸೇರಿತ್ತು. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ಏಕೆಂದರೆ ಏಳನೆಯ ತರಗತಿಯ ನನ್ನ ಮಗಳನ್ನು ಕನ್ನಡ ಮಾಧ್ಯಮದಿಂದ ಬಿಡಿಸಿ ಬೇರೆ ಶಾಲೆಗೆ ಸೇರಿಸುವ ಅರ್ಜಿ ನನ್ನ ಮನೆಯ ಮೇಜಿನ ಮೇಲೆಯೇ ಇತ್ತು.

ಊರಿಗೆ ಮರಳಿದ ಮೇಲೆ, ಅಜ್ಜನ ಕಾಲದ ಪೆಟ್ಟಿಗೆಯಿಂದ ಮೂಲಗೇಣಿ ಚೀಟೊಂದನ್ನು ತೆಗೆದು ಮಗಳ ಕೈಗೆ ಕೊಟ್ಟೆ. 1956ಕ್ಕೆ ಮುಂಚೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ ಬರೆದ ಕನ್ನಡ ಬರಹವದು. ಮೋಡಿಯಂತಿದ್ದ ಅಕ್ಷರಗಳನ್ನು ಬಿಡಿಸಿಕೊಳ್ಳುತ್ತ ಅವಳು ನಿಧಾನವಾಗಿ ಓದಿದಳು. ಗದ್ದೆಯ ಚತುಸ್ಸೀಮೆ ಬಂದಾಗ ತಲೆಯೆತ್ತಿ, "ಅಪ್ಪಾ, ಮೂಡುಬದಿಯ ಈ ತೋಡು ನಮ್ಮ ಶಾಲೆಯ ದಾರಿಯಲ್ಲಿರುವುದೇ ಅಲ್ಲವೆ?" ಎಂದು ಕೇಳಿದಳು.

ಹೌದು, ಅದೇ ತೋಡು. ಅವಳ ಮುತ್ತಜ್ಜನ ಮಾತು ಅವಳಿಗೆ ನೇರವಾಗಿ ತಲುಪಿತ್ತು. ನಡುವೆ ದುಭಾಷಿ ಬೇಕಾಗಲಿಲ್ಲ. ಆ ಅರ್ಜಿಯನ್ನು ನಾನು ತುಂಬಲಿಲ್ಲ.